ಅವ್ವನ ಪದಗಳಿಗೆ ಬೀಗ ಯಾಕೆ?

ಅವ್ವ ತೀರಿಕೊಂಡ ಮೇಲೆ, ಅವಳು ಬೀಸುವಾಗ ಹಾಡುತ್ತಿದ್ದ ಪದಗಳನ್ನು ನೆನಪಿದ್ದಷ್ಟು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಆಮೇಲೆ ಮುರಗೋಡದ ಒಂದು ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೈಪು ಮಾಡಿಸಿದೆ. ಮೊನ್ನೆ ಮಗಳು ಆ ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದರೆ ಅವ್ವನ ಒಂದು ಪದವೂ ಇಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕೆ ಅಂಟಿಸಿದಂಥ ಗುರುತುಗಳು ಪುಟದ ತುಂಬ.

ಅಂಗಡಿಗೆ ಹೋದೆ. "ನಿಮ್ಮಲ್ಲಿ ಆ ಫಾಂಟ್ ಇಲ್ರಿ ಅಕ್ಕಾರ. ರೊಕ್ಕಾ ಕೊಟ್ಟ ತಗೋಬೇಕು. ಬೇಕಾದ್ರ ಪೆನ್ ಡ್ರೈವಿಗೆ ಹಾಕಿ ಕೊಡತೇನಿ" ಎಂದ ಹುಡುಗ.

ನಾನು ಒಲ್ಲೆ ಎಂದೆ. ಫಾಂಟ್ ಮಾಡಿದವರ ದುಡಿಮೆಗೂ ಬೆಲೆಯಿದೆ. ಅದನ್ನು ಕದಿಯುವುದು ತಪ್ಪು. ನನ್ನ ತಕರಾರು ಬೇರೆ. ಫಾಂಟ್ ಎಂದರೆ ಅಕ್ಷರ ಉಡುವ ಸೀರೆ. ಇಳಕಲ್ ಬಿಟ್ಟು ಸಾದಾ ನೂಲಿನದು ಉಟ್ಟರೂ ಅವ್ವ ಅವ್ವನೇ ಅಲ್ಲವೇ? ಆದರೆ ಈ ಹಳೆಯ ಬಗೆಯ ಫಾಂಟುಗಳ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರು ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ ಕೂಡಲೇ ಕನ್ನಡ ಮಾಯ.

ಶ್ರೀಲಿಪಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ – ಇವೆಲ್ಲ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ 1991ರಲ್ಲೇ ಯೂನಿಕೋಡ್ ಕನ್ನಡಕ್ಕೆಂದು 128 ಸ್ಥಾನಗಳನ್ನು ಮೀಸಲಿಟ್ಟಿತು. ಅಲ್ಲಿ 'ಕ' ಎಂದರೆ ಯಾವ ಫಾಂಟಿನಲ್ಲೂ 'ಕ'ವೇ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತುಂಗಾ ಫಾಂಟ್ ಬಂತು. ಇಂದು ಗೂಗಲ್ಲಿನ ನೋಟೊ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ನುಡಿ, ಬರಹಗಳಲ್ಲೂ ಯೂನಿಕೋಡಿನಲ್ಲಿ ಬರೆಯಬಹುದು.

"ನಮ್ಮ ಪೇಜ್‌ಮೇಕರಿಗೆ ಯೂನಿಕೋಡ್ ನಡೆಯೂದಿಲ್ರಿ" ಎಂದ ಹುಡುಗ. ನಿಜವೇ. ಆದರೆ ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲಿ. ಅದರ ಮುಪ್ಪಿಗೆ ನಮ್ಮವ್ವ ಯಾಕೆ ದಂಡ ತೆರಬೇಕು?

ಹಟ ಹಿಡಿದು ಕೂತೆ. ಪರಿವರ್ತಕದಲ್ಲಿ ಹಾಕಿ, ಯೂನಿಕೋಡಿಗೆ ತಿರುಗಿಸಿ ಕೊಟ್ಟ. ಕೆಲವು ಒತ್ತಕ್ಷರ ಕೆಟ್ಟಿದ್ದವು. ಮನೆಯಲ್ಲಿ ನೋಟುಬುಕ್ಕು ಹಿಡಿದು ತಿದ್ದಿದೆವು.

ಗೆಳತಿಯರೇ, ಹಾಡೋ, ಅಡಿಗೆಯೋ, ಕತೆಯೋ, ಏನೇ ಟೈಪು ಮಾಡಿಸಿದರೂ ಯೂನಿಕೋಡ್ ಫೈಲನ್ನೇ ಕೇಳಿ ಪಡೆಯಿರಿ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿಯೇ ದುಡ್ಡು ಕೊಡಿರಿ. ನೋಟುಬುಕ್ಕನ್ನು ಮಾತ್ರ ರದ್ದಿಗೆ ಹಾಕಬೇಡಿರಿ.