ವಿಕ್ಷಿಪ್ತರು ಯಾರು?

ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ‘ಡಿಸ್ಟ್ರ್ಯಾಕ್ಟ್’ ಎಂಬ ಪದದ್ದೇ ಓಡಾಟ. ಹಿಂದಿನ ತಲೆಮಾರು ‘ಡಿಸ್ಟರ್ಬ್ ಮಾಡಬೇಡ’ ಎನ್ನುತ್ತಿತ್ತು. ಎರಡೂ ಒಂದೇ ಅಲ್ಲ. ಪಕ್ಕದ ಮನೆಯ ಟಿ.ವಿ. ಸದ್ದಿಗೆ ಓದು ನಿಂತರೆ ಅದು ಡಿಸ್ಟರ್ಬ್. ಯಾವ ಧಾರಾವಾಹಿ ಇರಬಹುದೆಂದು ಆ ಸದ್ದಿಗೆ ಕಿವಿಗೊಟ್ಟು ಕೂತರೆ ಡಿಸ್ಟ್ರ್ಯಾಕ್ಟ್. ಮೊದಲನೆಯದರಲ್ಲಿ ತಪ್ಪೆಲ್ಲ ಪಕ್ಕದ ಮನೆಯವರದು, ಎರಡನೆಯದರಲ್ಲಿ ನಮ್ಮದೂ ಪಾಲಿದೆ.

ಲ್ಯಾಟಿನ್ನಿನ ‘ಟ್ರಾಹೆರೆ’ ಎಂದರೆ ಎಳೆಯುವುದು. ಮುಂದೆ ‘ಡಿಸ್’ ಸೇರಿದರೆ ಒಂದೊಂದು ದಿಕ್ಕಿಗೆ ಎಳೆಯುವುದು. ಅಟ್ರ್ಯಾಕ್ಟ್, ಕಾಂಟ್ರ್ಯಾಕ್ಟ್, ಹೊಲ ಉಳುವ ಟ್ರ್ಯಾಕ್ಟರ್ ಎಲ್ಲ ಇದರ ದಾಯಾದಿಗಳೇ. ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ಎಳೆದದ್ದು ಯಾವುದೋ ಅದಕ್ಕೆ ‘ಬೈ’, ಕೈತಪ್ಪಿದ್ದು ಯಾವುದೋ ಅದಕ್ಕೆ ‘ಫ್ರಮ್’. ಮೊಬೈಲಿಗೆ ಬೈ, ಪುಸ್ತಕಕ್ಕೆ ಫ್ರಮ್.

ಈ ಪದ ಈಗಿನಷ್ಟು ಸಾಧುವಾಗಿದ್ದದ್ದು ಮೊದಲಿನಿಂದಲ್ಲ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ದೊರೆ ಕ್ಲಾಡಿಯಸ್, ರಾಜಕುಮಾರನನ್ನು ಮೆಚ್ಚುವ ಜನಸ್ತೋಮಕ್ಕೆ ‘ಡಿಸ್ಟ್ರ್ಯಾಕ್ಟೆಡ್’ ಎಂಬ ವಿಶೇಷಣ ಹಚ್ಚುತ್ತಾನೆ. ಗಮನವಿಲ್ಲದವರು ಎಂದಲ್ಲ, ವಿವೇಕಗೆಟ್ಟವರು ಎಂದು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ 1641ರ ಕಾನೂನು ಸಂಹಿತೆ ಮಕ್ಕಳು, ಬುದ್ಧಿಮಾಂದ್ಯರ ಜೊತೆ ‘ಡಿಸ್ಟ್ರ್ಯಾಕ್ಟೆಡ್’ ಜನರಿಗೂ ರಿಯಾಯಿತಿ ಕೊಟ್ಟಿತು. ಅಲ್ಲಿ ಅರ್ಥ ನೇರ: ಬುದ್ಧಿ ಸ್ತಿಮಿತ ತಪ್ಪಿದವರು. ಆ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ‘ಡ್ರೈವ್ ಟು ಡಿಸ್ಟ್ರ್ಯಾಕ್ಷನ್’ ಎಂದರೆ ಇಂದಿಗೂ ತಲೆ ಕೆಡಿಸುವುದೇ. ‘ಡಿಸ್ಟ್ರಾಟ್’ ಎಂಬ ಸೋದರ ಪದವೂ ದುಃಖದಿಂದ ಕಂಗೆಟ್ಟವರಿಗೆ ಮೀಸಲು. 1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವಧಾನದ ಎದುರು ಸ್ಥಿತಿಗೆ ಹೆಸರು ಹೇಳುವಾಗ ಫ್ರೆಂಚ್, ಜರ್ಮನ್ ಪದಗಳ ಮೊರೆಹೊಕ್ಕ. ತನ್ನ ಇಂಗ್ಲಿಷಿನ ಪದ ಅವನಿಗೆ ಸಾಲಲಿಲ್ಲವೇನೋ!

ನಮ್ಮಲ್ಲಿ ನಡೆದದ್ದು ಇದರ ತಿರುವುಮುರುವು. ಪತಂಜಲಿಯ ಯೋಗಸೂತ್ರ ರೋಗ, ಸಂಶಯ, ಆಲಸ್ಯ ಮೊದಲಾದ ಒಂಬತ್ತು ಅಡ್ಡಿಗಳನ್ನು ‘ಚಿತ್ತವಿಕ್ಷೇಪ’ ಎಂದು ಕರೆಯುತ್ತದೆ. ವಿಕ್ಷೇಪ ಎಂದರೆ ಅತ್ತಿತ್ತ ಎಸೆಯುವುದು. ಲ್ಯಾಟಿನ್ ಎಳೆದಿತ್ತು, ಸಂಸ್ಕೃತ ಎಸೆಯಿತು, ಅಷ್ಟೇ. ಯೋಗಸೂತ್ರಕ್ಕೆ ಬರೆದ ವ್ಯಾಸಭಾಷ್ಯ ಹೇಳುವ ಚಿತ್ತದ ಐದು ಭೂಮಿಗಳು, ಅಂದರೆ ನೆಲೆಗಳು, ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಇಲ್ಲಿ ವಿಕ್ಷಿಪ್ತಕ್ಕೆ ಮೂರನೆಯ ಸ್ಥಾನ. ವ್ಯಾಖ್ಯಾನಕಾರರ ಪ್ರಕಾರ ಅದು ಕ್ಷಿಪ್ತಕ್ಕಿಂತ ಮೇಲು: ಅಲೆಯುವ ಮನಸ್ಸೇ, ಆದರೆ ನಡುನಡುವೆ ನೆಲೆ ನಿಲ್ಲುತ್ತದೆ. ಏಕಾಗ್ರದ ಹೊಸ್ತಿಲಲ್ಲಿ ನಿಂತವನು ಎನ್ನಿ. ಓದುತ್ತ ಓದುತ್ತ ಫೋನಿಗೆ ಕೈಹಾಕಿ, ಮತ್ತೆ ನಾಚಿ ಪುಸ್ತಕಕ್ಕೆ ಮರಳುವ ವಿದ್ಯಾರ್ಥಿ ಶುದ್ಧ ವಿಕ್ಷಿಪ್ತ!

ಹಾಗೆಂದು ಅವನಿಗೆ ಹೇಳಿ ನೋಡಿ, ಜಗಳಕ್ಕೆ ಬಂದಾನು. ಇಂದಿನ ಕನ್ನಡ ಪತ್ರಿಕೆಗಳಲ್ಲಿ ವಿಕ್ಷಿಪ್ತ ಎಂದರೆ ವಿಕೃತ, ಅರೆಹುಚ್ಚ. ಇಂಗ್ಲಿಷಿನ ಪದ ಹುಚ್ಚಿನಿಂದ ಇಳಿದು ಮರೆಗುಳಿತನದ ನೆರೆಗೆ ಬಂತು. ನಮ್ಮದು ಸಾಧಕನ ಮನಸ್ಸಿನಿಂದ ಹೊರಟು ಅಪರಾಧ ಸುದ್ದಿಯ ಪುಟ ಸೇರಿತು.

ಈಗ ಅದನ್ನು ಹಳೆಯ ಅರ್ಥಕ್ಕೆ ಎಳೆತರುವುದು ಆಗದ ಮಾತು. ‘ಅನ್ಯಮನಸ್ಕ’ ಇದೆಯಲ್ಲ ಎನ್ನಬಹುದು. ಆದರೆ ಅನ್ಯಮನಸ್ಕನ ಮನಸ್ಸು ಬೇರೆಲ್ಲೋ ಒಂದು ಕಡೆ ಇಡಿಯಾಗಿಯೇ ಇರುತ್ತದೆ, ಚೂರುಚೂರಾಗಿ ಹಂಚಿಹೋಗಿರುವುದಿಲ್ಲ. ಹಾಗಾಗಿ ಅನುವಾದಕರಲ್ಲಿ, ಪಠ್ಯಪುಸ್ತಕ ಬರೆಯುವವರಲ್ಲಿ ಒಂದು ವಿನಂತಿ: ಡಿಸ್ಟ್ರ್ಯಾಕ್ಷನ್ ಎದುರಾದಾಗ ನಿಘಂಟಿನ ಸಂಸ್ಕೃತ ಪದಕ್ಕೆ ಕೈಚಾಚದೆ, ‘ಮನಸ್ಸು ಚದುರಿತು’ ಎಂದೇ ಬರೆಯಿರಿ.