ಮನೆಯ ಸಾಬೂನು ಮಾರಾಟದ ಮೇಜಿಗೆ ಬರುವ ಮುನ್ನ

ಕರಾವಳಿಯಿಂದ ಹೋಗಿ ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಸಾಕಷ್ಟಿವೆ. ಊರಿನ ಗಾಣದ ತೆಂಗಿನೆಣ್ಣೆ ಇವರ ಮನೆಗಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಲೇ ಇರುತ್ತದೆ. ಆ ಎಣ್ಣೆಯಿಂದ ಮನೆಯಲ್ಲಿಯೇ ಸಾಬೂನು ತಯಾರಿಸುವ ಮಹಿಳೆಯರು ಈಗ ಅಲ್ಲಿ ಹೆಚ್ಚುತ್ತಿದ್ದಾರೆ. ಅಪಾರ್ಟ್‌ಮೆಂಟ್‌ಗಳ ಭಾನುವಾರದ ಸಂತೆಗಳಲ್ಲಿ, ಧರ್ಮಕೇಂದ್ರಗಳ ಹಬ್ಬದ ಮೇಳಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇವು ಮಾರಾಟವಾಗುತ್ತವೆ. 'ಕ್ರಿಸ್ಮಸ್ ಮೇಳದಲ್ಲಿ ನಮ್ಮ ಸ್ವಸಹಾಯ ಸಂಘಕ್ಕೂ ಸಾಬೂನು ಮಾರಲು ಒಂದು ಮೇಜು ಕೊಡಿಸಬಹುದೇ?' ಎಂಬ ಕೋರಿಕೆ ನಮಗೂ ಬಂದಿದೆ. ಕೂಡಲೇ ಹೌದು ಎನ್ನಬೇಕೆಂದು ಮನಸ್ಸಾಯಿತು. ಆದರೆ ವಿಷಯವನ್ನು ಸ್ವಲ್ಪ ಕೆದಕಿ ನೋಡಿದಾಗ ಹಾಗೆ ಹೇಳುವುದು ಅಷ್ಟು ಸುಲಭವಲ್ಲ ಎಂದು ತಿಳಿಯಿತು.

ಮೊದಲಿಗೆ ಮಾರುಕಟ್ಟೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಕೊಳ್ಳುವವರಿಗೆ ಇದು ಸಂತೋಷದ ಸುದ್ದಿ. ಆದರೆ ಮೊದಲೇ ತೆರಿಗೆ ನೋಂದಣಿಯ ಮಿತಿಯೊಳಗಿರುವ ಸಣ್ಣ ತಯಾರಕರಿಗೆ ಇದರಿಂದ ಲಾಭವಿಲ್ಲ, ಪಕ್ಕದ ಅಂಗಡಿಯ ಕಾರ್ಖಾನೆ ಸಾಬೂನು ಇನ್ನಷ್ಟು ಅಗ್ಗವಾಯಿತು, ಅಷ್ಟೇ. ಅದೇ ವರ್ಷ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದ್ದನ್ನು ಕರಾವಳಿಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಒಂದು ಕಡೆ ಸ್ಪರ್ಧೆ, ಇನ್ನೊಂದು ಕಡೆ ಕಚ್ಚಾವಸ್ತುವಿನ ಬೆಲೆ. ಇವೆರಡರ ನಡುವೆ ಸಿಕ್ಕವರು ಎಲ್ಲಿ ಉಳಿಸಲು ನೋಡುತ್ತಾರೆ? ಎಣ್ಣೆಯಲ್ಲಿ, ಇಲ್ಲವೇ ಕಾಯುವ ಸಮಯದಲ್ಲಿ. ಸಾಬೂನಿನ ಅಪಾಯ ಇರುವುದೂ ಈ ಎರಡು ಕಡೆಗಳಲ್ಲಿಯೇ.

ಸಾಬೂನು ಎಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆಗುವ ವಸ್ತು. 'ಕೆಮಿಕಲ್ ಇಲ್ಲದ ಸಾಬೂನು' ಎಂದು ಚೀಟಿ ಅಂಟಿಸುವವರು ಇದನ್ನು ಮರೆತಿರುತ್ತಾರೆ ಅಥವಾ ಮರೆಸುತ್ತಾರೆ. ಸರಿಯಾಗಿ ತಯಾರಾದ ಸಾಬೂನಿನಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ ಎಂಬುದು ನಿಜ, ಆದರೆ ಅದು ಅಳತೆ ಸರಿಯಿದ್ದರೆ ಮಾತ್ರ. 1 ಕಿಲೋ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಚರ್ಮಕ್ಕೆ ಹಿತವಾಗಿರಲೆಂದು ಶೇ. 5ರಷ್ಟು ಕಡಿಮೆ, ಅಂದರೆ 174 ಗ್ರಾಂ ಹಾಕುವುದು ವಾಡಿಕೆ. ತಾಳೆ ಎಣ್ಣೆಗಾದರೆ 141 ಗ್ರಾಂ ಸಾಕು, ಸೂರ್ಯಕಾಂತಿ ಎಣ್ಣೆಗೆ ಇನ್ನೂ ಕಡಿಮೆ.

ಬೆಲೆ ಏರಿದಾಗ ತೆಂಗಿನೆಣ್ಣೆಗೆ ಬೇರೆ ಎಣ್ಣೆ ಬೆರೆಸುವವರು ಹುಟ್ಟಿಕೊಳ್ಳುತ್ತಾರೆ. 2025ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಕಲಬೆರಕೆ ತೆಂಗಿನೆಣ್ಣೆಯ ವಿರುದ್ಧ ದಾಳಿಗಳನ್ನೇ ನಡೆಸಬೇಕಾಯಿತು. ಬಿ.ಟಿ.ಎಂ. ಲೇಔಟ್‌ನ ಒಬ್ಬ ಗೃಹಿಣಿ ಅಗ್ಗಕ್ಕೆ ಕೊಂಡ 'ಶುದ್ಧ' ಎಣ್ಣೆಯಲ್ಲಿ ಅರ್ಧ ತಾಳೆ ಎಣ್ಣೆ ಇದೆ ಎಂದಿಟ್ಟುಕೊಳ್ಳೋಣ. ಆ 1 ಕಿಲೋ ಎಣ್ಣೆಗೆ ಬೇಕಾದದ್ದು 162 ಗ್ರಾಂ ಕಾಸ್ಟಿಕ್, ಆಕೆ ಪುಸ್ತಕದಲ್ಲಿದ್ದಂತೆ ಹಾಕಿದ್ದು 174 ಗ್ರಾಂ. ಉಳಿದ 12 ಗ್ರಾಂ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ, ಬಿಲ್ಲೆಯಲ್ಲಿಯೇ ಕುಳಿತಿರುತ್ತದೆ. ಆಕೆ ಅಳತೆಯಲ್ಲಿ ತಪ್ಪಿಲ್ಲ, ಮೋಸವನ್ನೂ ಮಾಡಿಲ್ಲ, ಆದರೂ ಕೊಂಡವರ ಚರ್ಮ ಉರಿಯುತ್ತದೆ. ಆದ್ದರಿಂದ ಎಣ್ಣೆ ಎಲ್ಲಿಂದ ಬಂತು ಎಂಬುದು ಸಾಬೂನಿನ ಮಟ್ಟಿಗೆ ರುಚಿಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಗೊತ್ತಿರುವ ಗಾಣದಿಂದ ಬಿಲ್ಲಿನೊಂದಿಗೆ ಎಣ್ಣೆ ತರಿಸುವವರು, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುವವರು ಮಾತ್ರ ಮಾರಾಟದ ಯೋಚನೆ ಮಾಡಬೇಕು. ಲೋಟ, ಚಮಚಗಳ ಅಳತೆ ಇಲ್ಲಿ ನಡೆಯುವುದಿಲ್ಲ.

ಕಾಯುವುದು ಎರಡನೆಯ ಮಾತು. ಅಚ್ಚಿನಿಂದ ತೆಗೆದ ಬಿಲ್ಲೆಯನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿಸಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. ಡಿಸೆಂಬರ್ ಮೊದಲ ವಾರದ ಮೇಳಕ್ಕೆ ಬರುವ ಸಾಬೂನು ಅಕ್ಟೋಬರ್ ಮಧ್ಯದಲ್ಲಿಯೇ ಅಚ್ಚು ಸೇರಿರಬೇಕು. ನವೆಂಬರ್ ಕೊನೆಗೆ ಆರ್ಡರ್ ಬಂತೆಂದು ಅವಸರದಲ್ಲಿ ಮಾಡಿದ್ದನ್ನು ನಾವೇ ಒಮ್ಮೆ ಒಂದು ಮೇಳದಲ್ಲಿ ಕೊಂಡಿದ್ದೆವು. ಸುಂದರವಾದ ಹೊದಿಕೆ, ಒಳಗೆ ಮೆತ್ತಗಿನ ಬಿಲ್ಲೆ. ಎರಡು ದಿನದಲ್ಲಿ ಕೈಯ ಚರ್ಮ ಒಡೆಯಿತು. ಮಾರಿದವರನ್ನು ವಿಚಾರಿಸೋಣವೆಂದರೆ ಹೊದಿಕೆಯ ಮೇಲೆ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ.

ತಯಾರಿಸುವಾಗಿನ ಅಪಾಯ ಇದಕ್ಕಿಂತ ದೊಡ್ಡದು. ಕಾಸ್ಟಿಕ್ ಸೋಡಾ ನೋಡಲು ಸಕ್ಕರೆ, ಕಲ್ಲುಪ್ಪಿನಂತೆಯೇ ಬಿಳುಪು. ನೀರಿಗೆ ಬಿದ್ದ ಕೂಡಲೇ ಕುದಿಯುವಷ್ಟರ ಮಟ್ಟಿಗೆ ಬಿಸಿಯಾಗುತ್ತದೆ. ನೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ವಿನಾ ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಕೂಡದು, ಅದು ಕಾಸ್ಟಿಕ್‌ನೊಂದಿಗೆ ಕರಗಿ ಬೆಂಕಿ ಹತ್ತಬಲ್ಲ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಸ್ಟೀಲ್ ಪಾತ್ರೆಯನ್ನೇ ಬಳಸಬೇಕು, ಅದೂ ಅಡುಗೆಗೆ ಮತ್ತೆ ಬಾರದಂತಹ ಪ್ರತ್ಯೇಕ ಪಾತ್ರೆ. ಕಣ್ಣಿಗೆ ಪೂರ್ಣ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಕೆಲಸಕ್ಕೆ ಇಳಿಯಬಾರದು. ಕೊಳವೆಬಾವಿಯ ಗಡಸು ನೀರು ಸಾಬೂನನ್ನು ಕೆಡಿಸುತ್ತದೆ, ಡಿಸ್ಟಿಲ್ಡ್ ವಾಟರ್ ತರಿಸುವುದು ಲೇಸು.

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಶಾಲೆಯಿಂದ ಮಕ್ಕಳು ಬರುವ ಹೊತ್ತಿನಲ್ಲಿ ಈ ಕೆಲಸ ಮಾಡುವುದನ್ನು ಯೋಚಿಸಿದರೆ ನಮಗೆ ಭಯವಾಗುತ್ತದೆ. ಉಳಿದ ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಸಿಡುವ ಅಭ್ಯಾಸ ನಮ್ಮಲ್ಲಿದೆ. ಮಗುವೊಂದು ಅದನ್ನು ಕುಡಿದರೆ ಅನ್ನನಾಳ ಸುಟ್ಟು ಜೀವನಪೂರ್ತಿ ನರಳಬೇಕಾದೀತು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸಬಾರದು, ನಿಂಬೆರಸ ಅಥವಾ ವಿನೆಗರ್ ಕುಡಿಸಬಾರದು, ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಚರ್ಮಕ್ಕೆ ಅಥವಾ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 20 ನಿಮಿಷವಾದರೂ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ತೊಳೆದ ಮೇಲೆ ನೋವು ಕಡಿಮೆಯಾದರೂ ವೈದ್ಯರಿಗೆ ತೋರಿಸಲೇಬೇಕು.

ಇನ್ನು ಕಾನೂನು. ಹೆಚ್ಚಿನವರು 'ಸಾಬೂನಿಗೆ ಏನು ಲೈಸೆನ್ಸ್?' ಎಂದೇ ಕೇಳುತ್ತಾರೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಲ್ಲಿ ಹಿಂದೆ ಸಾಬೂನನ್ನು ಕಾಂತಿವರ್ಧಕಗಳ ಪಟ್ಟಿಯಿಂದ ಹೊರಗಿಟ್ಟಿದ್ದರು. 1982ರ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಈಗ ಮೈಗೆ ಹಚ್ಚುವ ಸಾಬೂನನ್ನು ಮಾರಾಟಕ್ಕೆ ತಯಾರಿಸಲು 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಲೈಸೆನ್ಸ್ ಬೇಕು. ಸ್ವಚ್ಛ ಕಟ್ಟಡ, ಔಷಧ ಶಾಸ್ತ್ರ ಅಥವಾ ರಸಾಯನಶಾಸ್ತ್ರ ತಿಳಿದ ಸಿಬ್ಬಂದಿ, ಪ್ರತಿ ಬ್ಯಾಚಿನ ಪರೀಕ್ಷೆ ಇವೆಲ್ಲ ಅದರ ಷರತ್ತುಗಳು. ತಯಾರಿಕೆಯ ಸ್ಥಳ ವಾಸದ ಮನೆಯಾಗಿರಬಾರದು, ವಾಸದ ಮನೆಗೆ ಕೂಡಿಕೊಂಡೂ ಇರಬಾರದು ಎಂಬ ಷರತ್ತೂ ಇದೆ. ಸಣ್ಣ ಪ್ರಮಾಣದ ತಯಾರಿಕೆಗೂ 100 ಚದರ ಮೀಟರ್ ಜಾಗವನ್ನು ಶಿಫಾರಸು ಮಾಡಲಾಗಿದೆ. ಜಯನಗರದಲ್ಲಿ 100 ಚದರ ಮೀಟರಿನ ಬಾಡಿಗೆ ಎಷ್ಟೆಂದು ಅಲ್ಲಿರುವವರೇ ಲೆಕ್ಕ ಹಾಕಲಿ.

ಹಾಗಾದರೆ 'ಮನೆಯಲ್ಲಿಯೇ ತಯಾರಿಸಿದ್ದು' ಎಂದು ಹೆಮ್ಮೆಯಿಂದ ಬರೆಯುವ ಚೀಟಿಯ ಅರ್ಥವೇನು? ಮಾರುವವರು ತಮಗೆ ತಿಳಿಯದೆಯೇ ತಮ್ಮ ವಿರುದ್ಧ ಸಾಕ್ಷಿ ಬರೆದುಕೊಟ್ಟಂತೆ. ಇಲ್ಲಿ ಒಂದು ಅನ್ಯಾಯವೂ ಇದೆ ಎಂದು ನಮಗೆ ಅನಿಸುತ್ತದೆ. ಕುಸ್ವಾರ್, ಉಪ್ಪಿನಕಾಯಿ ಮಾಡುವ ತಾಯಿ ಮನೆಯಲ್ಲಿದ್ದುಕೊಂಡೇ ಸಣ್ಣ ಶುಲ್ಕ ಕಟ್ಟಿ ಆಹಾರ ಸುರಕ್ಷತಾ ನೋಂದಣಿ ಪಡೆಯಬಹುದು. ಹೊಟ್ಟೆಗೆ ಹೋಗುವ ವಸ್ತುವಿಗೆ ಇರುವ ಈ ಸಣ್ಣ ಬಾಗಿಲು ಮೈ ತೊಳೆಯುವ ವಸ್ತುವಿಗೆ ಇಲ್ಲ. ಮನೆಮಟ್ಟದ ಸಾಬೂನಿಗೂ ತರಬೇತಿ ಮತ್ತು ಪರೀಕ್ಷೆಯ ಷರತ್ತಿನೊಂದಿಗೆ ಅಂಥದೊಂದು ನೋಂದಣಿ ಬರಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬರುವ ತನಕ ಇರುವ ಕಾನೂನೇ ಕಾನೂನು. ಉದ್ಯಮ್ ನೋಂದಣಿಯನ್ನೇ ಲೈಸೆನ್ಸ್ ಎಂದು ತಿಳಿದವರನ್ನೂ ನಾವು ಕಂಡಿದ್ದೇವೆ. ಅದು ಉಚಿತವಾಗಿ ಸಿಗುವ ಗುರುತಿನ ಪತ್ರ, ಸಾಬೂನು ತಯಾರಿಸಲು ಅನುಮತಿಯಲ್ಲ.

ಬೆಂಗಳೂರಿಗೆ ಸಾಬೂನಿನ ಇತಿಹಾಸ ಹೊಸದೇನಲ್ಲ. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ಎಣ್ಣೆಯಿಂದ ಸಾಬೂನು ಮಾಡಿಸುವ ಮನಸ್ಸಾಯಿತು. ಮುಂಬಯಿಯಿಂದ ತಜ್ಞರನ್ನು ಕರೆಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಯೋಗ ಮಾಡಿಸಿದರು. ಅಷ್ಟಕ್ಕೇ ನಿಲ್ಲದೆ ಎಸ್.ಜಿ. ಶಾಸ್ತ್ರಿಯವರನ್ನು ಸಾಬೂನು ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಿದರು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಹೀಗೆ. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿತು. 2025ರಲ್ಲಿ ಅದರ ರಾಯಭಾರಿ ಯಾರಾಗಬೇಕೆಂದು ಎದ್ದ ಗದ್ದಲವನ್ನು ಬದಿಗಿಡೋಣ. ರಾಜನ ಬೊಕ್ಕಸ ಬೆನ್ನಿಗಿದ್ದವರೂ ಮೊದಲು ಕಲಿತು, ಪರೀಕ್ಷಿಸಿ, ಆಮೇಲೆ ಮಾರಿದರು. ಎರಡು ವಿಡಿಯೋ ನೋಡಿ ಮೂರನೆಯ ವಾರ ಮಾರಾಟಕ್ಕೆ ಇಳಿಯುವವರಿಗೆ ಇದನ್ನು ಹೇಳಬೇಕೆನಿಸಿತು.

ದಾರಿ ಇಲ್ಲವೇ? ಇದೆ, ಆದರೆ ಒಬ್ಬೊಬ್ಬರೇ ನಡೆಯುವ ದಾರಿಯಲ್ಲ. ಅದೇ 2020ರ ನಿಯಮಗಳಲ್ಲಿ 'ಲೋನ್ ಲೈಸೆನ್ಸ್' ಎಂಬ ವ್ಯವಸ್ಥೆಯಿದೆ. ಹೆಸರು ಕೇಳಿ ಸಾಲವೆಂದು ತಿಳಿಯಬಾರದು. ಈಗಾಗಲೇ ಪರವಾನಗಿ ಇರುವ ಒಂದು ಘಟಕದ ಸ್ಥಳ ಮತ್ತು ಸಲಕರಣೆಗಳನ್ನು ಬಳಸಿ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಉತ್ಪಾದಿಸಲು ಕೊಡುವ ಅನುಮತಿ ಅದು. ನಾಲ್ಕೈದು ಸ್ವಸಹಾಯ ಸಂಘಗಳು ಸೇರಿ ಒಂದೇ ಸಂಸ್ಥೆಯಾಗಿ, ಪರವಾನಗಿ ಇರುವ ಒಂದು ಸಣ್ಣ ಘಟಕದೊಂದಿಗೆ ಒಪ್ಪಂದ ಮಾಡಿಕೊಂಡರೆ 100 ಚದರ ಮೀಟರಿನ ಬಾಡಿಗೆಯೂ ತಪ್ಪುತ್ತದೆ, ಮನೆಯ ಒಲೆಯ ಪಕ್ಕ ಕಾಸ್ಟಿಕ್ ಇಡುವ ಅಪಾಯವೂ ತಪ್ಪುತ್ತದೆ. ಇಂತಹ ಘಟಕವನ್ನು ಹುಡುಕಿ, ಅರ್ಜಿ ಬರೆಸಿ, ಮೊದಲ ವರ್ಷದ ಲೆಕ್ಕಪತ್ರ ನೋಡಿಕೊಡುವುದು ಧರ್ಮಕೇಂದ್ರಗಳ ಸಾಮಾಜಿಕ ಸೇವಾ ಸಮಿತಿಗಳಿಂದ ಆಗಬಹುದಾದ ಕೆಲಸ. ಮೇಳದಲ್ಲಿ ಮೇಜು ಹಾಕಿಸಿ ಫೋಟೋ ತೆಗೆಸುವುದಕ್ಕಿಂತ ಇದು ಕಷ್ಟದ್ದು ಎಂದು ಬಲ್ಲೆವು.

ಇನ್ನೊಂದು ದಾರಿ ಬಟ್ಟೆ ಸಾಬೂನು. ಅದು ಮೈಗೆ ಹಚ್ಚುವ ವಸ್ತುವಲ್ಲವಾದ್ದರಿಂದ ಕಾಂತಿವರ್ಧಕಗಳ ಲೈಸೆನ್ಸ್ ಅದಕ್ಕೆ ಅನ್ವಯಿಸುವುದಿಲ್ಲ. ಸ್ಥಳೀಯ ಪಾಲಿಕೆಯ ವ್ಯಾಪಾರ ಪರವಾನಗಿಯ ವಿಚಾರಣೆ ಮಾತ್ರ ಮಾಡಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ ತಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಕಾಸ್ಟಿಕ್‌ನ ಎಚ್ಚರಿಕೆ ಇಲ್ಲಿಯೂ ಅಷ್ಟೇ ಬೇಕು.

ಯಾವ ದಾರಿ ಹಿಡಿದರೂ ಹೊದಿಕೆಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಇರಬೇಕು. ಇವು 2011ರ ಪೊಟ್ಟಣ ಸರಕುಗಳ ನಿಯಮಗಳು. ಸ್ನಾನದ ಸಾಬೂನಿಗೆ ಇವುಗಳ ಜೊತೆ ಪರವಾನಗಿ ಸಂಖ್ಯೆ, ಯಾವಾಗಿನ ಒಳಗೆ ಬಳಸಬೇಕೆಂಬ ದಿನಾಂಕ ಮತ್ತು ಒಳಗಿರುವ ವಸ್ತುಗಳ ಪಟ್ಟಿ. ಇದನ್ನು ಕಿರುಕುಳವೆಂದು ತಿಳಿಯುವವರಿದ್ದಾರೆ. ಮೇಲೆ ಹೇಳಿದ ಮೆತ್ತಗಿನ ಬಿಲ್ಲೆಗೆ ಬ್ಯಾಚ್ ಸಂಖ್ಯೆ ಇದ್ದಿದ್ದರೆ, ತಯಾರಿಸಿದವರೂ ಪ್ರತಿ ಬ್ಯಾಚಿನ ಎಣ್ಣೆ, ತೂಕ, ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಒಂದು ಬಿಲ್ಲೆಯನ್ನು ತಮ್ಮಲ್ಲಿ ಉಳಿಸಿಕೊಂಡಿದ್ದರೆ, ಉಳಿದ ಬಿಲ್ಲೆಗಳನ್ನಾದರೂ ವಾಪಸು ತರಿಸಬಹುದಿತ್ತು.

ಮೊಡವೆ ಹೋಗುತ್ತದೆ, ಇಸುಬು ವಾಸಿಯಾಗುತ್ತದೆ ಎಂದೆಲ್ಲ ಬರೆಯಲೇಬಾರದು. ರೋಗ ಗುಣಪಡಿಸುತ್ತದೆ ಎಂದ ಕೂಡಲೇ ಆ ಸಾಬೂನು ಕಾನೂನಿನ ಕಣ್ಣಿನಲ್ಲಿ ಔಷಧವಾಗುತ್ತದೆ. ಬೇವು, ಕಸ್ತೂರಿ ಅರಿಶಿನ ಹಾಕಿದ್ದರೆ ಹಾಕಿದ್ದೇವೆ ಎಂದಷ್ಟೇ ಬರೆಯಬೇಕು. ಎಳೆಯ ಮಕ್ಕಳಿಗೆಂದು ಹೇಳಿ ಮಾರುವುದೂ ಬೇಡ. ಕ್ರಿಸ್ಮಸ್ ಹೊತ್ತಿನಲ್ಲಿ ಕೇಕ್, ಚಾಕಲೇಟ್ ಆಕಾರದ ಸಾಬೂನುಗಳ ಶೋಕಿಯೂ ಇದೆ. ತಿಂಡಿಯ ಪಕ್ಕದ ಮೇಜಿನಲ್ಲಿ ಅವನ್ನಿಟ್ಟರೆ ಮಕ್ಕಳು ಬಾಯಿಗೆ ಹಾಕದಿರುತ್ತಾರೆಯೇ?

ಮೇಜು ಕೇಳಿದ ಸಂಘದವರಿಗೆ ನಾವು ಕೊಟ್ಟ ಉತ್ತರ ಇದು: ಈ ಡಿಸೆಂಬರ್‌ನಲ್ಲಿ ಆಹಾರ ನೋಂದಣಿ ಮಾಡಿಸಿಕೊಂಡು ಕುಸ್ವಾರ್ ಮಾರಿರಿ, ಪಾಲಿಕೆಯಲ್ಲಿ ವಿಚಾರಿಸಿ ಬಟ್ಟೆ ಸಾಬೂನನ್ನೂ ಇಡಿರಿ. ಸ್ನಾನದ ಸಾಬೂನು ಮನೆಯವರ ಬಳಕೆಗೆ ಇರಲಿ, ಅದರ ಲೆಕ್ಕದ ನೋಟ್‌ಬುಕ್ಕನ್ನು ಇಂದಿನಿಂದಲೇ ಬರೆಯಲು ಆರಂಭಿಸಿರಿ. ಪರವಾನಗಿ ಇರುವ ಘಟಕವನ್ನು ಹುಡುಕುವ ಕೆಲಸವನ್ನು ಜನವರಿಯಲ್ಲಿ ಸೇರಿ ಮಾಡೋಣ. ಅವರಿಗೆ ಸ್ವಲ್ಪ ಬೇಸರವಾಯಿತು. ಆದರೂ ಎಣ್ಣೆಯ ಬಿಲ್ಲುಗಳನ್ನು ತೆಗೆದಿಡುತ್ತೇವೆ ಎಂದಿದ್ದಾರೆ.