ಹಿಮದ ಮೇಲಿನ ಹಾದಿ

ಇಳಕಲ್ಲಿನ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗ ಉದ್ಯೋಗನಿಮಿತ್ತ ಅಮೆರಿಕೆಯ ಮಿನೆಸೋಟ ರಾಜ್ಯದಲ್ಲಿ ಸಂಸಾರ ಹೂಡಿದ್ದಾನೆ. ಮಾಘಮಾಸದಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿಹೋದಾಗ ಅವನೂ ಸೊಸೆಯೂ ಹತ್ತು ವರ್ಷದ ಮೊಮ್ಮಗಳೂ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಅಡವಿಯ ದಾರಿಯಲ್ಲಿ ಮೈಲಿಗಟ್ಟಲೆ ಜಾರುತ್ತ ಹೋಗುವರಂತೆ. “ಶಾಸ್ತ್ರಿಗಳೇ, ಬೆಚ್ಚಗೆ ಮನೆಯಲ್ಲಿರುವುದನ್ನು ಬಿಟ್ಟು ಇದೆಂಥ ಹುಚ್ಚು? ಅವನಿಗೆ ನಾಲ್ಕು ಬುದ್ಧಿಮಾತು ಬರೆಯಿರಿ” ಎಂಬುದು ಆ ತಾಯಿಯ ಬಿನ್ನಹ. ಇಂಥ ಚಿಂತೆ ಅವರೊಬ್ಬರದೇ ಅಲ್ಲ. ಮಕ್ಕಳನ್ನು ಶೀತದೇಶಗಳಿಗೆ ಕಳುಹಿಸಿಕೊಟ್ಟ ಮನೆಗಳು ಈಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ಹಲವಾರು. ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ. ಆದರೆ ನಾವು ಬುದ್ಧಿ ಹೇಳಬೇಕಾದುದು ಆ ತಾಯಿಗೇ ಹೊರತು ಮಗನಿಗಲ್ಲ.

ಪಟ್ಟದಕಲ್ಲಿನ ನಮ್ಮ ಜನ ಬೇಸಿಗೆಯಲ್ಲಿ ಹೇಗೆ ಬಾಳುತ್ತಾರೆಂಬುದನ್ನು ಮೊದಲು ನೆನೆಯೋಣ. ಇಲ್ಲಿಯ ಕೆಂಪು ಮರಳುಗಲ್ಲು ಹಗಲೆಲ್ಲ ಕಾಯುತ್ತದೆ. ಉಷ್ಣಮಾನ 40 ಡಿಗ್ರಿ ದಾಟುವ ದಿನಗಳುಂಟು. ಆದರೂ ಬಿಸಿಲನ್ನು ಶಪಿಸುತ್ತ ಯಾರೂ ಕುಳಿತಿಲ್ಲ. ನಸುಕಿನಲ್ಲೆದ್ದು ಹೊಲದ ಕೆಲಸ ಮುಗಿಸುತ್ತಾರೆ, ನಡುಹಗಲು ದಪ್ಪ ಗೋಡೆಯ ತಂಪಿನಲ್ಲಿ ಒರಗುತ್ತಾರೆ, ಇರುಳು ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುತ್ತಾರೆ. ಹುಡುಗರು ಮಲಪ್ರಭೆಯಲ್ಲಿ ಈಸು ಕಲಿಯುವುದೂ ಆ ದಿನಗಳಲ್ಲಿಯೇ. ಚಳಿಗಾಲ ಬಂದಿತೆಂದರೆ ಎಳ್ಳಮವಾಸ್ಯೆಯ ಚರಗ, ಹೊಲದ ಸೀತನಿ, ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ. ನಾಟಕ ಕಂಪನಿಯ ಡೇರೆಯಲ್ಲಿ ಕೌದಿ ಹೊದ್ದು ಬೆಳಗಿನವರೆಗೆ ಕೂಡ್ರುವ ಮುದುಕರಿಗೆ “ಚಳಿಯಲ್ಲಿ ಈ ಹುಚ್ಚೇಕೆ?” ಎಂದು ಯಾರೂ ಕೇಳುವುದಿಲ್ಲ. ಹಿಮದ ನಾಡಿನವರೂ ತಮ್ಮ ಋತುವನ್ನು ಹೀಗೆಯೇ ಒಲಿಸಿಕೊಂಡಿದ್ದಾರೆ.

ಅವರ ಸಾಧನ ಕಟ್ಟಿಗೆಯ ಸೀಳು. ಸ್ಕೀ ಎಂಬ ಮಾತಿಗೆ ಪ್ರಾಚೀನ ನಾರ್ವೆಯ ಭಾಷೆಯಲ್ಲಿ ಅರ್ಥವೇ ಅದು. ಸ್ವೀಡನ್ ದೇಶದ ಜವುಗುನೆಲದಲ್ಲಿ 1924ರಲ್ಲಿ ದೊರೆತ ಜೋಡಿಯೊಂದು 5000 ವರ್ಷಗಳಿಗಿಂತ ಹಳೆಯದು. ಆಟವಾಗುವ ಮೊದಲು ಸಾವಿರಾರು ವರ್ಷ ಇದು ಬೇಟೆಗಾರನ, ಹಳ್ಳಿಗನ ವಾಹನವಾಗಿತ್ತು. ನಮ್ಮ ಎರೆನಾಡಿನ ಚಕ್ಕಡಿ ಇದ್ದಂತೆ.

ಪರ್ವತದ ನೆತ್ತಿಯಿಂದ ರಭಸದಿಂದ ಇಳಿಯುವ ಸ್ಕೀಯಿಂಗ್ ಬೇರೆ, ಸಮನೆಲದಲ್ಲೂ ದಿಬ್ಬದಲ್ಲೂ ನಡೆದಂತೆ ಜಾರುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಬೇರೆ. ಆ ತಾಯಿಯ ಮಗನದು ಎರಡನೆಯದು. ಇದರಲ್ಲಿ ಪಟ್ಟಿ ಸಪೂರ, ಹಗುರ; ಬೂಟಿನ ತುದಿ ಮಾತ್ರ ಪಟ್ಟಿಗೆ ಕೂಡಿರುತ್ತದೆ, ಹಿಮ್ಮಡಿ ಸ್ವತಂತ್ರ. ಪಟ್ಟಿಯ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುವುದೇ ಇದರ ಮರ್ಮ. ಮೈಭಾರ ಎರಡೂ ಕಾಲುಗಳಿಗೆ ಹಂಚಿದಾಗ ನಡುಭಾಗ ಹಿಮವನ್ನು ಒತ್ತದೆ ಪಟ್ಟಿ ಜಾರುತ್ತದೆ. ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು ಒತ್ತಿದಾಗ ಬಾಗು ನೆಟ್ಟಗಾಗಿ, ಅಲ್ಲಿ ಬಳಿದ ಮೇಣ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಆ ಹಿಡಿತದ ಬಲದಿಂದ ಇನ್ನೊಂದು ಕಾಲು ಮುಂದಕ್ಕೆ ಜಾರುತ್ತದೆ. ಕೊರೆಯುವ ಚಳಿಯ ಒಣ ಹಿಮಕ್ಕೆ ಗಟ್ಟಿ ಮೇಣ, ಕರಗುವ ಹಿಮಕ್ಕೆ ಅಂಟು ಮೇಣ. ಯಾವುದೆಂದು ಬೆಳಗಿನ ಹವೆ ನೋಡಿ ನಿರ್ಧರಿಸಬೇಕು. ಹಿಮದಲ್ಲಿ ಮೊದಲೇ ಕೊರೆದಿಟ್ಟ ಎರಡು ಸಮಾನಾಂತರ ಗೆರೆಗಳಿರುತ್ತವೆ. ಎರೆಹೊಲದಲ್ಲಿ ಚಕ್ಕಡಿಯ ಗಾಲಿ ಕೊರೆದ ಜಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಯಲ್ಲಿ ಎರಡು ಕೋಲುಗಳಿರುವುದರಿಂದ ತೋಳು, ಬೆನ್ನು, ತೊಡೆ ಎಲ್ಲಕ್ಕೂ ದುಡಿಮೆ. ಆದರೆ ಪಾದ ನೆಲಕ್ಕೆ ಅಪ್ಪಳಿಸುವುದಿಲ್ಲವಾದ್ದರಿಂದ ಮೊಣಕಾಲಿಗೆ ಪೆಟ್ಟು ಕಡಿಮೆ. ವೃದ್ಧರೂ ಮಾಡಬಲ್ಲ ವ್ಯಾಯಾಮವಿದು. ನಾರ್ವೆಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಹರ್ಮನ್ ಸ್ಮಿತ್ ಯೋಹಾನ್ಸನ್ ಎಂಬ ಮಹನೀಯರು ಕ್ವಿಬೆಕ್ ಪ್ರಾಂತದ ಅಡವಿಗಳಲ್ಲಿ ಇಂಥ ಹಾದಿಗಳನ್ನು ಕಡಿದು ಮಾಡಿದರು, ನೂರು ದಾಟಿದ ಮೇಲೂ ಸ್ಕೀ ಕಟ್ಟಿದರು. 1875ರಲ್ಲಿ ಜನಿಸಿದ ಅವರು ತೀರಿಕೊಂಡದ್ದು 1987ರಲ್ಲಿ, 111ನೆಯ ವಯಸ್ಸಿನಲ್ಲಿ.

ನಾರ್ವೆ ದೇಶದ ಇನ್ನೆರಡು ಸಂಗತಿಗಳು ನಮ್ಮ ಮನಸ್ಸನ್ನು ಹಿಡಿದಿವೆ. 1206ರಲ್ಲಿ ಅಂತಃಕಲಹದ ನಡುವೆ ಇಬ್ಬರು ಯೋಧರು ಎಳೆಯ ರಾಜಕುಮಾರ ಹೋಕೊನ್‌ನನ್ನು ಎತ್ತಿಕೊಂಡು ಸ್ಕೀ ಮೇಲೆ ಪರ್ವತ ದಾಟಿ ರಕ್ಷಿಸಿದರೆಂದು ಪ್ರತೀತಿ. ಅದರ ನೆನಪಿಗೆ 1932ರಿಂದ 54 ಕಿಲೋಮೀಟರಿನ ಓಟ ನಡೆದುಬಂದಿದೆ. ಸ್ಪರ್ಧಿಗಳು ಆ ಕೂಸಿನ ಬದಲಿಗೆ ಮೂರೂವರೆ ಕಿಲೋ ಭಾರದ ಗಂಟನ್ನು ಬೆನ್ನಿಗೆ ಹೊರಬೇಕು. ಎರಡನೆಯದು, 1868ರಲ್ಲಿ ಸ್ಥಾಪಿತವಾದ ಅಲ್ಲಿಯ ಚಾರಣ ಸಂಘದ ಪರ್ವತಗುಡಿಸಲುಗಳು. ಅವುಗಳಲ್ಲಿ ಎಷ್ಟೋ ಕಡೆ ಕಾವಲುಗಾರನಿಲ್ಲ. ಬಂದವನು ತಾನೇ ಒಲೆ ಹೊತ್ತಿಸಿ, ಇಟ್ಟಿರುವ ದವಸ ಬಳಸಿ ಉಂಡು, ಲೆಕ್ಕ ಬರೆದು ಹಣ ಸಲ್ಲಿಸುತ್ತಾನೆ. ಕಸ ಗುಡಿಸಿ, ಮುಂದಿನವನಿಗೆ ಕಟ್ಟಿಗೆ ಒಟ್ಟಿ ಹೋಗುತ್ತಾನೆ. ದಾಸೋಹದ ಮಾತು ನಿತ್ಯ ಆಡುವ ನಮ್ಮ ಊರುಗಳಲ್ಲಿ ಹೀಗೊಂದು ಬಾಗಿಲನ್ನು ತೆರೆದಿಟ್ಟರೆ ಎಷ್ಟು ದಿನ ನಡೆದೀತು ಎಂಬುದನ್ನು ಓದುಗರೇ ಆಲೋಚಿಸಲಿ.

ಹಿಮವೆಂದರೆ ನಮ್ಮವರಿಗೆ ತೀರ ಅಪರಿಚಿತವೇ? ಅಲ್ಲ. ಸಮುದ್ರಮಟ್ಟದಿಂದ 3583 ಮೀಟರ್ ಎತ್ತರದ ಕೇದಾರನಾಥದಲ್ಲಿ ರಾವಲರ ಸ್ಥಾನಕ್ಕೆ ಕರ್ನಾಟಕದ ವೀರಶೈವರೇ ಬರುವ ಪರಂಪರೆ ದೀರ್ಘಕಾಲದ್ದು. ದೀಪಾವಳಿಯಾದೊಡನೆ ಗುಡಿಯ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಉಖೀಮಠಕ್ಕೆ ಇಳಿಸಿ, ವೈಶಾಖದ ಸುಮಾರಿಗೆ ಬಾಗಿಲು ತೆರೆಯುವವರೆಗೆ ಅಲ್ಲಿಯೇ ಪೂಜೆ ಸಲ್ಲಿಸುತ್ತಾರೆ. ಋತುವಿನೊಡನೆ ಜಗಳವಾಡದೆ ಅದರ ಹೆಜ್ಜೆಗೆ ಹೆಜ್ಜೆ ಕೂಡಿಸುವ ಕ್ರಮವದು. ನಾವು ಹಿಮವನ್ನು ಕಂಡದ್ದೂ ಆ ಯಾತ್ರೆಯಲ್ಲಿಯೇ, ಅದೂ ಕರಗಿ ಉಳಿದ ಚೂರುಪಾರು. ಕೈಲಾಸವನ್ನು ಬಾಯಿತುಂಬ ಹೊಗಳುವವರು ಹಿಮ ಕಂಡೊಡನೆ ಕಿಟಕಿ ಮುಚ್ಚಿದರೆ ಶಿವನಿಗೂ ನಗು ಬಂದೀತು.

ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಗಾಳಿಗೆ ಕಿವಿ, ಮೂಗು, ಬೆರಳ ತುದಿಗಳು ಮರಗಟ್ಟುತ್ತವೆ. ಹಾಗಾದಾಗ ತಿಕ್ಕಬಾರದು, ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು, ವೈದ್ಯರಿಗೆ ತೋರಿಸಬೇಕು. ಕೆರೆಯ ಮೇಲಿನ ಮಂಜುಗಡ್ಡೆಯನ್ನು ಊರವರು ಹೇಳದೆ ನಂಬಬಾರದು. ಹೊತ್ತು ಬೇಗ ಮುಳುಗುವುದರಿಂದ ದಾರಿ ಅಳೆದುಕೊಂಡು ಹೊರಡಬೇಕು. ಇಳಕಲ್ಲಿನವರಿಗೆ ಹೇಳಲು ಸಂಕೋಚ, ಆದರೆ ಹತ್ತಿಯ ಬಟ್ಟೆ ಅಲ್ಲಿ ಮೈಗೆ ಶತ್ರು. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿದು ದೇಹದ ಕಾವನ್ನು ಕಸಿಯುತ್ತದೆ. ಉಣ್ಣೆಯಾದರೋ ತೊಯ್ದರೂ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವ ನಮ್ಮ ಕುರುಬರಿಗೆ ಇದು ಗೊತ್ತು. ಒಂದೇ ದಪ್ಪ ಅಂಗಿಗಿಂತ ತೆಳ್ಳನೆಯ ಮೂರು ಪದರ ಮೇಲು. ಮಗನಿಗೆ ಏನಾದರೂ ಕಳುಹಿಸುವುದಾದರೆ ಬುದ್ಧಿಮಾತಿಗಿಂತ ಉಣ್ಣೆಯ ಕಾಲುಚೀಲ ಕಳುಹಿಸುವುದು ಲೇಸು.

ಮೊಮ್ಮಗಳು ಹೆಣ್ಣುಮಗು ಎಂಬ ಅಳುಕೂ ಆ ಪತ್ರದ ಕೊನೆಯಲ್ಲಿದೆ. ಅದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಹಿಮ ಬೀಳದ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಪರ್ವತಾರೋಹಣದ ಮೂಲಕ ಈ ಹಾದಿಗೆ ಬಂದವರು. 2024ರಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅವರು ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. ಆ ಕೂಟದಲ್ಲಿ ಹಿಮವಿಲ್ಲದ ನಮ್ಮ ರಾಜ್ಯ ಸೇನೆಯ ತಂಡದ ನಂತರ ಎರಡನೆಯ ಸ್ಥಾನ ಪಡೆಯಿತು. 2025ರಲ್ಲಿ ಚೀನದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡೆಗಳಲ್ಲಿ ಭವಾನಿ ಭಾರತದ ಪರವಾಗಿ ಓಡಿದರು. ಅದೇ ವರ್ಷ ಚಿಲಿ ದೇಶದಲ್ಲಿ 5 ಕಿಲೋಮೀಟರಿನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರ ಹೆತ್ತವರೂ ಎಂದೋ ಒಂದು ದಿನ ಬಾಗಿಲಲ್ಲಿ ನಿಂತು, ಮಗಳನ್ನು ತಡೆಯಬೇಕೋ ಬಿಡಬೇಕೋ ಎಂದು ಯೋಚಿಸಿರಬೇಕು.

ಆ 2025ರ ಗುಲ್ಮಾರ್ಗ್ ಕೂಟ ಫೆಬ್ರುವರಿಯಲ್ಲಿ ನಡೆಯಬೇಕಾಗಿದ್ದುದು ಹಿಮ ಸಾಲದೆ ಮುಂದಕ್ಕೆ ಹೋಗಿ ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಅಷ್ಟು ದಿನ ಅಲ್ಲಿಯ ಜನರೂ, ರೋಹಿಣಿ ಮಳೆಗೆ ಕಾಯುವ ನಮ್ಮ ರೈತರಂತೆ, ಮುಗಿಲು ನೋಡುತ್ತ ಕುಳಿತಿದ್ದರು.